ರಿಯಾಕ್ಟ್ ಆಮೇಲೆ ನೋಡೋಣ, ಮೊದಲು ಮಂಡಿ ಲೆಕ್ಕದ ಪುಟ ಮಾಡಿ

ಕೋಲಾರ, ಬಂಗಾರಪೇಟೆ, ಚಿಂತಾಮಣಿ ಕಡೆಯಿಂದ ನನಗೆ ಬರುವ ಮೆಸೇಜುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ಅಣ್ಣಾ, ಡಿಗ್ರಿ ಮುಗೀತಾ ಬಂತು. ಫ್ರಂಟ್‌ಎಂಡ್ ಕೆಲಸ ಹುಡುಕಬೇಕು. ರಿಯಾಕ್ಟ್ ಎಲ್ಲಿ ಕಲಿಯೋದು?" ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಫ್ರಂಟ್‌ಎಂಡ್ ಅಂದರೆ ವೆಬ್‌ಸೈಟಿನಲ್ಲಿ ನಿಮ್ಮ ಕಣ್ಣಿಗೆ ಕಾಣುವ ಭಾಗ. ಅಕ್ಷರ, ಬಣ್ಣ, ಬಟನ್, ಫಾರ್ಮ್ ಎಲ್ಲ ಅದರಲ್ಲಿ ಬರುತ್ತವೆ. ಫ್ರೇಮ್‌ವರ್ಕ್ ಅಂದರೆ ಆ ಕೆಲಸಕ್ಕೆ ಬೇರೆಯವರು ಮೊದಲೇ ಕಟ್ಟಿಟ್ಟ ಚೌಕಟ್ಟು. ರಿಯಾಕ್ಟ್, ಆಂಗ್ಯುಲರ್, ವ್ಯೂ ಎಲ್ಲವನ್ನೂ ಮಾತಿನಲ್ಲಿ ಹಾಗೇ ಕರೆಯುತ್ತೇವೆ.

ನನ್ನ ಉತ್ತರ ಇಷ್ಟು: ದಿನಕ್ಕೆ ಎರಡು ಗಂಟೆ ಕೂರುವುದಾದರೆ, ಇನ್ನು ನಾಲ್ಕೈದು ತಿಂಗಳು ರಿಯಾಕ್ಟ್ ಮುಟ್ಟಬೇಡಿ. ಪುಟದ ಭಾಗಗಳನ್ನು ಗುರುತಿಸುವ ಎಚ್‌ಟಿಎಂಎಲ್, ಅಂದ ಚಂದ ನೋಡಿಕೊಳ್ಳುವ ಸಿಎಸ್‌ಎಸ್, ಪುಟದಿಂದ ಕೆಲಸ ಮಾಡಿಸುವ ಜಾವಾಸ್ಕ್ರಿಪ್ಟ್ ಈ ಮೂರನ್ನು ಕೈಯಾರೆ ಕಲಿಯಿರಿ. ರಿಯಾಕ್ಟ್ ಬರೆಯುವುದೂ ಜಾವಾಸ್ಕ್ರಿಪ್ಟ್‌ನಲ್ಲೇ. ಹೊಸಬರು "ರಿಯಾಕ್ಟ್ ಕೆಲಸ ಮಾಡ್ತಿಲ್ಲ" ಎಂದು ಕಳಿಸುವ ಕೋಡ್ ತೆರೆದು ನೋಡಿದರೆ, ತಪ್ಪು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್‌ನಲ್ಲೋ ಸಿಎಸ್‌ಎಸ್‌ನಲ್ಲೋ ಇರುತ್ತದೆ.

ಇನ್ನೊಂದು ಕಾರಣವೂ ಇದೆ. ಫ್ರೇಮ್‌ವರ್ಕ್‌ಗಳು ಬರುತ್ತವೆ, ಹೋಗುತ್ತವೆ. 2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್ ಒಂದು ಕಾಲಕ್ಕೆ ಎಲ್ಲ ಕಡೆ ಇತ್ತು. 2016ರಲ್ಲಿ ಅದನ್ನು ಪೂರ್ತಿ ಹೊಸದಾಗಿ ಬರೆದು ಆಂಗ್ಯುಲರ್ ಎಂದು ತಂದರು, ಹಳೆಯದಕ್ಕೆ 2021ರ ಕೊನೆಗೆ ಬೆಂಬಲ ನಿಂತಿತು. ಅದನ್ನೇ ನಂಬಿಕೊಂಡವರು ಮತ್ತೆ ಮೊದಲಿಂದ ಕಲಿಯಬೇಕಾಯಿತು. ಟಿಮ್ ಬರ್ನರ್ಸ್-ಲೀ ಮಾಡಿದ ಜಗತ್ತಿನ ಮೊದಲ ವೆಬ್‌ಸೈಟ್ 1991ರದು. ಅದರ ಪ್ರತಿ ಇವತ್ತಿನ ಮೊಬೈಲ್ ಬ್ರೌಸರ್‌ನಲ್ಲೂ ತೆರೆಯುತ್ತದೆ. ಬುನಾದಿಗೆ ಹಾಕಿದ ಸಮಯ ದಂಡವಾಗುವುದಿಲ್ಲ.

ಏನೇನು ಬೇಕು

ಒಂದು ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್ ಇದ್ದರೆ ಆರಾಮ, 4 ಜಿಬಿ ಇದ್ದರೂ ಈ ಹಂತಕ್ಕೆ ನಡೆಯುತ್ತದೆ. ವಿಎಸ್ ಕೋಡ್ ಎಂಬ ಉಚಿತ ಎಡಿಟರ್, ಅದರೊಳಗೆ ಲೈವ್ ಸರ್ವರ್ ಎಂಬ ಎಕ್ಸ್‌ಟೆನ್ಷನ್, ಅಂದರೆ ನಿಮ್ಮ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ತೋರಿಸುವ ಸೇರ್ಪಡೆ. ಕ್ರೋಮ್ ಅಥವಾ ಫೈರ್‌ಫಾಕ್ಸ್. ಓದುವುದಕ್ಕೆ ಎಂಡಿಎನ್ ಎಂಬ ವೆಬ್ ಪಾಠಗಳ ಸೈಟ್ ಸಾಕು, ಅದೂ ಉಚಿತ. ಮನೆಯಲ್ಲಿ ನೆಟ್ ಕೈಕೊಡುತ್ತಿದ್ದರೆ ಡೆವ್‌ಡಾಕ್ಸ್ ಎಂಬ ಸೈಟಿನಲ್ಲಿ ಅದೇ ಮಾಹಿತಿಯನ್ನು ಒಮ್ಮೆ ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು.

ಬರೀ ಮೊಬೈಲ್‌ನಲ್ಲಿ ಕಲಿಯಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಓದಬಹುದು, ವಿಡಿಯೋ ನೋಡಬಹುದು. ಕೋಡ್ ಬರೆಯುವುದು ಕಷ್ಟ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಕಾಲೇಜ್ ಲ್ಯಾಬ್‌ನಲ್ಲಿ ದಿನಕ್ಕೊಂದು ಗಂಟೆ ಕೇಳಿ ಪಡೆಯಿರಿ. ಕೆಜಿಎಫ್, ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡುವವರು ಓದುವ ಕೆಲಸವನ್ನು ರೈಲಿಗಿಟ್ಟು, ಬರೆಯುವುದನ್ನು ಮನೆಗಿಟ್ಟುಕೊಳ್ಳಿ.

ದುಡ್ಡು ಕೊಟ್ಟು ಕೋರ್ಸ್ ಸೇರಬೇಕಾಗಿಲ್ಲ. ಸೇರುವುದೇ ಆದರೆ, ಪಾಠದ ಪಟ್ಟಿ ಕೇಳಿ ನೋಡಿ. ಮೂರು ತಿಂಗಳಲ್ಲಿ ರಿಯಾಕ್ಟ್, ಸರ್ವರ್ ಕಡೆಯ ನೋಡ್, ಮಾಹಿತಿ ಇಡುವ ಮೊಂಗೋ ಎಲ್ಲ ಕಲಿಸುತ್ತೇವೆ ಎಂದು ಬರೆದು, ಸಿಎಸ್‌ಎಸ್‌ಗೆ ಎರಡೇ ದಿನ ಇಟ್ಟಿದ್ದರೆ ವಾಪಸ್ ಬನ್ನಿ.

ಯಾವ ಪುಟ ಮಾಡೋದು

ಕಲಿಯುವಾಗ ಒಂದೇ ಒಂದು ಪ್ರಾಜೆಕ್ಟ್ ಇಟ್ಟುಕೊಳ್ಳಿ. ಅದು ನಿಮಗೆ ಗೊತ್ತಿರುವ ವಿಷಯ ಆಗಿರಲಿ. ನಾನು ಇಲ್ಲಿ ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯ ಲೆಕ್ಕವನ್ನು ಹಿಡಿದಿದ್ದೇನೆ: ಎಷ್ಟು ಬಾಕ್ಸ್ ಹೋಯಿತು, ಬಾಕ್ಸಿಗೆ ಎಷ್ಟು ರೇಟು, ಲಾರಿ ಬಾಡಿಗೆ ಕೂಲಿ ಕಳೆದು ಕೈಗೆಷ್ಟು. ಶಿಡ್ಲಘಟ್ಟದವರು ರೇಷ್ಮೆಗೂಡಿನ ಲೆಕ್ಕ ಮಾಡಿ. ಶ್ರೀನಿವಾಸಪುರದವರು ಮಾವಿನದು ಮಾಡಿ. ಎಲ್ಲೋ ಇರುವ ದೊಡ್ಡ ಕಂಪನಿಯ ಹೋಮ್‌ಪೇಜ್ ನಕಲು ಮಾಡಿದರೆ ತಪ್ಪು ಎಲ್ಲಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಮಂಡಿ ಲೆಕ್ಕ ತಪ್ಪಿದರೆ ಮನೆಯವರೇ ಹಿಡಿಯುತ್ತಾರೆ.

ಮುಂದೆ ಬರುವ ಟ್ಯಾಗ್, ಪ್ರಾಪರ್ಟಿ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರವೇ ಬೇಕು.

1. ಎಚ್‌ಟಿಎಂಎಲ್: ಎರಡು ವಾರ

ಎಚ್‌ಟಿಎಂಎಲ್ ಕೆಲಸ ಅಂದ ಚಂದದ್ದಲ್ಲ. ಇದು ಹೆಡ್ಡಿಂಗ್, ಇದು ಪ್ಯಾರಾ, ಇದು ಬಟನ್ ಎಂದು ಬ್ರೌಸರ್‌ಗೆ ಹೇಳುವುದು. ಆ ಗುರುತುಗಳಿಗೆ ಟ್ಯಾಗ್ ಎನ್ನುತ್ತಾರೆ. ಹೆಡ್ಡಿಂಗ್, ಪ್ಯಾರಾ, ಲಿಸ್ಟ್, ಲಿಂಕ್, ಚಿತ್ರ, ಟೇಬಲ್, ಫಾರ್ಮ್, ಇವಿಷ್ಟು ಬಂದರೆ ನಮ್ಮ ಪುಟ ಆಗುತ್ತದೆ. ಮಾರಾಟದ ಪಟ್ಟಿಗೆ ಟೇಬಲ್ ಬಳಸಿ. ಬಾಕ್ಸ್ ಎಷ್ಟು, ರೇಟ್ ಎಷ್ಟು ಎಂದು ಕೇಳುವ ಜಾಗಕ್ಕೆ ಫಾರ್ಮ್. ಪ್ರತಿ ಇನ್‌ಪುಟ್‌ಗೂ ಒಂದು ಲೇಬಲ್ ಜೋಡಿಸಿ. ಆಗ ಹೆಸರಿನ ಮೇಲೆ ಬೆರಳಿಟ್ಟರೂ ಆ ಖಾನೆ ತೆರೆದುಕೊಳ್ಳುತ್ತದೆ.

ಇಲ್ಲಿ ಎಡವುವ ಜಾಗಗಳು:

ಎಲ್ಲದಕ್ಕೂ ಡಿವ್ ಬಳಸುವುದು. ಡಿವ್ ಅಂದರೆ ಯಾವ ಅರ್ಥವೂ ಇಲ್ಲದ ಖಾಲಿ ಡಬ್ಬ. ಡಿವ್‌ಗೆ ಬಣ್ಣ ಬಳಿದು ಬಟನ್ ಥರ ಮಾಡಬಹುದು. ಆದರೆ ಕೀಬೋರ್ಡಿನ ಟ್ಯಾಬ್ ಕೀ ಒತ್ತಿದರೆ ಅದು ಸಿಗುವುದಿಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ ಅದು ಬಟನ್ ಅಂತಲೇ ಗೊತ್ತಾಗುವುದಿಲ್ಲ. ಬಟನ್ ಟ್ಯಾಗ್ ಬಳಸಿದರೆ ಇದೆಲ್ಲ ಪುಕ್ಕಟೆ ಸಿಗುತ್ತದೆ.

ಕನ್ನಡ ಅಕ್ಷರ ಕೆಡುವುದು. ಇದು ಇಂಗ್ಲಿಷ್ ಅಲ್ಲದ ಭಾಷೆಗಳಲ್ಲಿ ಬರೆಯುವವರಿಗೆ ಹೆಚ್ಚಾಗಿ ಬರುವ ತೊಂದರೆ. ಪುಟದ ತಲೆಭಾಗದಲ್ಲಿ ಮೆಟಾ ಟ್ಯಾಗ್ ಹಾಕಿ ಕ್ಯಾರ್‌ಸೆಟ್ ಯುಟಿಎಫ್-8 ಎಂದು ಬರೆಯಲೇಬೇಕು. ಬರೆದ ಮೇಲೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ, ನೀವು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲಿನಿಂದ ಕಾಪಿ ಮಾಡಿದ್ದೀರಿ ಎಂದರ್ಥ. ಡಿಟಿಪಿ ಅಂಗಡಿಯಿಂದ ಬಂದ ಫೈಲುಗಳು ಎಷ್ಟೋ ಸಲ ಹೀಗೇ ಇರುತ್ತವೆ. ಅವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಪದ್ಧತಿಗೆ, ಬದಲಾಯಿಸಿಕೊಂಡೇ ಹಾಕಿ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಎಂಬ ಕಡೆ ಕನ್ನಡದ ಗುರುತಾದ ಕೆಎನ್ ಎಂಬ ಎರಡಕ್ಷರವನ್ನೂ ಕೊಡಿ.

ಫೈಲ್ ಹೆಸರು. ಚಿತ್ರದ ಫೈಲ್ ಹೆಸರು ದೊಡ್ಡಕ್ಷರದಲ್ಲಿದ್ದು ಕೋಡ್‌ನಲ್ಲಿ ಸಣ್ಣಕ್ಷರ ಬರೆದರೆ ವಿಂಡೋಸ್‌ನಲ್ಲಿ ಕಾಣುತ್ತದೆ, ಸೈಟ್ ಆನ್‌ಲೈನ್ ಹಾಕಿದ ಮೇಲೆ ಕಾಣುವುದಿಲ್ಲ. ಎಲ್ಲ ಫೈಲಿಗೂ ಸಣ್ಣಕ್ಷರ, ನಡುವೆ ಜಾಗ ಬಿಡದ ಹೆಸರು ಇಡಿ.

2. ಸಿಎಸ್‌ಎಸ್: ಐದಾರು ವಾರ

ಸಿಎಸ್‌ಎಸ್ ಅಂದ ಚಂದ, ಅಳತೆ, ಜೋಡಣೆ ನೋಡಿಕೊಳ್ಳುತ್ತದೆ. ಸುಲಭ ಎಂದು ಎಲ್ಲರೂ ಹಾರಿಸಿಕೊಂಡು ಹೋಗುವುದು ಇದನ್ನೇ. ಆಮೇಲೆ ವರ್ಷಗಟ್ಟಲೆ ಒದ್ದಾಡುವುದೂ ಇದರಲ್ಲೇ. ಅದಕ್ಕೇ ಇಲ್ಲಿ ನಿಧಾನ ಮಾಡಿ.

ಮೊದಲು ಬಾಕ್ಸ್ ಮಾಡೆಲ್. ಪುಟದ ಮೇಲಿನ ಪ್ರತಿಯೊಂದು ವಸ್ತುವೂ ಒಂದು ಬಾಕ್ಸ್. ಮಂಡಿಯ ಕ್ರೇಟ್ ನೆನಪಿಸಿಕೊಳ್ಳಿ. ಒಳಗಿನ ಟೊಮೆಟೊ ಕಂಟೆಂಟ್. ಹಣ್ಣಿಗೂ ಗೋಡೆಗೂ ನಡುವೆ ಇಟ್ಟ ಪೇಪರ್ ಪ್ಯಾಡಿಂಗ್. ಕ್ರೇಟಿನ ಗೋಡೆ ಬಾರ್ಡರ್. ಒಂದು ಕ್ರೇಟಿಗೂ ಪಕ್ಕದ್ದಕ್ಕೂ ಬಿಟ್ಟ ಸಂದು ಮಾರ್ಜಿನ್. ಈಗ ಲೆಕ್ಕ ನೋಡಿ. ನೀವು ಅಗಲ 300 ಪಿಕ್ಸೆಲ್ ಎಂದು ಬರೆದಿರಿ. ಪ್ಯಾಡಿಂಗ್ ಎರಡೂ ಕಡೆ 20, ಬಾರ್ಡರ್ ಎರಡೂ ಕಡೆ 5. ಪರದೆಯ ಮೇಲೆ ಬಾಕ್ಸ್ ಹಿಡಿಯುವ ಜಾಗ 350. ಯಾಕೆಂದರೆ ಬ್ರೌಸರ್ ನಿಮ್ಮ 300 ಅನ್ನು ಬರೀ ಟೊಮೆಟೊಗೆ ಕೊಟ್ಟಿತು. ಪಕ್ಕದ ಬಾಕ್ಸ್ ಕೆಳಗೆ ಬೀಳುವುದು ಈ 50 ಪಿಕ್ಸೆಲ್‌ನಿಂದಲೇ. ಬಾಕ್ಸ್-ಸೈಜಿಂಗ್‌ಗೆ ಬಾರ್ಡರ್-ಬಾಕ್ಸ್ ಎಂದು ಕೊಟ್ಟರೆ ಗೋಡೆಯೂ ಸೇರಿ 300 ಆಗುತ್ತದೆ. ಪ್ರತಿ ಪ್ರಾಜೆಕ್ಟಿನ ಮೊದಲ ಸಾಲಾಗಿ ಇದನ್ನು ಬರೆಯಿರಿ.

ಆಮೇಲೆ ಕ್ಯಾಸ್ಕೇಡ್. ಒಂದೇ ಬಟನ್‌ಗೆ ಎರಡು ಕಡೆ ಎರಡು ಬಣ್ಣ ಬರೆದಿದ್ದರೆ ಯಾವುದು ಗೆಲ್ಲಬೇಕು ಎಂಬ ನಿಯಮ ಅದು. ಹೆಚ್ಚು ಖಚಿತವಾಗಿ ಗುರಿಯಿಟ್ಟದ್ದು ಗೆಲ್ಲುತ್ತದೆ. ಸಮಸಮ ಇದ್ದರೆ ಕೆಳಗೆ ಬರೆದದ್ದು ಗೆಲ್ಲುತ್ತದೆ. ಬಣ್ಣ ಬರಲಿಲ್ಲ ಅಂತ ಸುಮ್ನೆ ಇಂಪಾರ್ಟೆಂಟ್ ಎಂಬ ಪದ ಅಂಟಿಸಬೇಡಿ. ಒಂದು ಕಡೆ ಹಾಕಿದರೆ ಹತ್ತು ಕಡೆ ಹಾಕಬೇಕಾಗುತ್ತದೆ.

ಜೋಡಣೆಗೆ ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಎರಡೇ ಸಾಕು. ಒಂದೇ ಸಾಲಲ್ಲಿ ಜೋಡಿಸಲು ಫ್ಲೆಕ್ಸ್‌ಬಾಕ್ಸ್, ಅಡ್ಡಸಾಲು ಉದ್ದಸಾಲು ಎರಡೂ ಬೇಕಿದ್ದರೆ ಗ್ರಿಡ್. ಗ್ರಿಡ್ 2017ರಲ್ಲಿ ದೊಡ್ಡ ಬ್ರೌಸರ್‌ಗಳಿಗೆ ಬಂತು. ಅದಕ್ಕಿಂತ ಹಳೆಯ ಪಾಠಗಳಲ್ಲಿ ಫ್ಲೋಟ್ ಎಂಬ ಹಳೆಯ ವಿಧಾನ ಬಳಸಿ ಪುಟ ಜೋಡಿಸುವುದು ಕಂಡರೆ ಬಿಟ್ಟುಬಿಡಿ.

ಮೊಬೈಲ್‌ಗೆ ಮೊದಲು ಬರೆಯಿರಿ, ಲ್ಯಾಪ್‌ಟಾಪ್‌ಗೆ ಆಮೇಲೆ. ಮಂಡಿಯಲ್ಲಿ ನಿಂತವರ ಕೈಯಲ್ಲಿರುವುದು ಫೋನ್ ತಾನೆ? ಪುಟದ ತಲೆಭಾಗದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ ಇರಲಿ. ಅದು ಇಲ್ಲದಿದ್ದರೆ ಫೋನಿನಲ್ಲಿ ಪುಟವೆಲ್ಲ ಇರುವೆ ಗಾತ್ರಕ್ಕೆ ಕುಗ್ಗುತ್ತದೆ. 360 ಪಿಕ್ಸೆಲ್ ಅಗಲದಲ್ಲಿ ಸರಿ ಕಂಡ ಮೇಲೆ ದೊಡ್ಡ ಪರದೆಗೆ ಮೀಡಿಯಾ ಕ್ವೆರಿ ಬರೆಯಿರಿ. ಅಂದರೆ "ಪರದೆ ಇಷ್ಟಕ್ಕಿಂತ ಅಗಲ ಇದ್ದರೆ ಹೀಗೆ ತೋರಿಸು" ಎನ್ನುವ ಷರತ್ತು. ತಿಳಿ ಬೂದು ಬಣ್ಣದ ಅಕ್ಷರ ನಿಮ್ಮ ರೂಮಿನಲ್ಲಿ ಚೆಂದ ಕಾಣಬಹುದು, ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1 ವ್ಯತ್ಯಾಸ ಇರಬೇಕು ಎಂಬುದು ಎಲ್ಲ ಕಡೆ ಒಪ್ಪಿದ ಅಳತೆ. ಬ್ರೌಸರ್ ತಾನೇ ಅದನ್ನು ಅಳೆದು ತೋರಿಸುತ್ತದೆ.

ಕನ್ನಡದ ವಿಷಯ ಇಲ್ಲೂ ಇದೆ. ನಮಗೆ ಒತ್ತಕ್ಷರ ಇದೆ, ಅದು ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷ್‌ಗೆ ಸರಿಹೋಗುವ ಲೈನ್-ಹೈಟ್, ಅಂದರೆ ಸಾಲಿನ ಎತ್ತರ, ಕೊಟ್ಟರೆ "ಕ್ಷ್ಮ", "ಸ್ತ್ರೀ" ಥರದವು ಮೇಲಿನ ಕೆಳಗಿನ ಸಾಲಿಗೆ ತಾಗುತ್ತವೆ. 1.6 ಅಥವಾ ಇನ್ನೂ ಜಾಸ್ತಿ ಕೊಡಿ. ಬಟನ್‌ಗೆ ಎತ್ತರ ಕಟ್ಟಿಹಾಕಬೇಡಿ, ಪ್ಯಾಡಿಂಗ್ ಕೊಟ್ಟು ಬಿಡಿ, ಅಕ್ಷರ ಎಷ್ಟು ಬೇಕೋ ಅಷ್ಟು ಎತ್ತರ ತಾನೇ ತೆಗೆದುಕೊಳ್ಳುತ್ತದೆ. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ.

3. ಡೆವ್‌ಟೂಲ್ಸ್: ಇದಕ್ಕೆ ಬೇರೆ ವಾರ ಬೇಡ, ದಿನಾ ಬೇಕು

ಬ್ರೌಸರ್‌ನಲ್ಲಿ ಎಫ್12 ಒತ್ತಿ. ಆಗ ತೆರೆಯುವ, ಪುಟದ ಒಳಗನ್ನು ತೋರಿಸುವ ಸಾಧನವೇ ಡೆವ್‌ಟೂಲ್ಸ್. ಎಲಿಮೆಂಟ್ಸ್ (ಫೈರ್‌ಫಾಕ್ಸ್‌ನಲ್ಲಿ ಇನ್‌ಸ್ಪೆಕ್ಟರ್) ಎಂಬ ಕಡೆ ಪ್ರತಿ ಬಾಕ್ಸಿನ ಅಳತೆ, ಯಾವ ನಿಯಮ ಗೆದ್ದಿದೆ, ಯಾವುದಕ್ಕೆ ಗೆರೆ ಹೊಡೆದಿದೆ ಎಲ್ಲ ಕಾಣುತ್ತದೆ. ಕನ್ಸೋಲ್‌ನಲ್ಲಿ ಕೆಂಪು ಅಕ್ಷರದ ತಪ್ಪುಗಳು ಬರುತ್ತವೆ. ಕೆಂಪು ಕಂಡ ಕೂಡಲೇ ಹೆದರಿ ಮುಚ್ಚಬೇಡಿ. ಪೂರ್ತಿ ಓದಿ, ಯಾವ ಫೈಲು, ಎಷ್ಟನೇ ಸಾಲು ಎಂದು ಅಲ್ಲೇ ಬರೆದಿರುತ್ತದೆ.

4. ಜಾವಾಸ್ಕ್ರಿಪ್ಟ್: ಎಂಟು ಹತ್ತು ವಾರ

ಪುಟ ಲೆಕ್ಕ ಮಾಡಬೇಕು, ಒತ್ತಿದರೆ ಏನಾದರೂ ಆಗಬೇಕು ಅಂದರೆ ಜಾವಾಸ್ಕ್ರಿಪ್ಟ್ ಬೇಕು. ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನದಲ್ಲಿ ಇದರ ಮೊದಲ ರೂಪ ಬರೆದರು. 2015ರಲ್ಲಿ ಭಾಷೆ ತುಂಬಾ ಬದಲಾಯಿತು. ಹೀಗಾಗಿ ಎಲ್ಲದಕ್ಕೂ ವಾರ್ ಎಂದು ಬರೆಯುವ ಹಳೆಯ ಪಾಠ ಬಿಟ್ಟು, ಲೆಟ್, ಕಾನ್ಸ್ಟ್ ಬಳಸುವ ಪಾಠ ಹಿಡಿಯಿರಿ.

ಕ್ರಮ ಹೀಗಿರಲಿ. ವೇರಿಯಬಲ್ (ಹೆಸರಿಟ್ಟು ಇಟ್ಟ ಬೆಲೆ), ಷರತ್ತು, ಲೂಪ್ (ಮತ್ತೆ ಮತ್ತೆ ಮಾಡಿಸುವುದು), ಫಂಕ್ಷನ್ (ಹೆಸರಿಟ್ಟ ಕೆಲಸ). ಆಮೇಲೆ ಅರೇ, ಅಂದರೆ ಸಾಲಾಗಿ ಇಟ್ಟ ಪಟ್ಟಿ, ಮತ್ತು ಆಬ್ಜೆಕ್ಟ್, ಅಂದರೆ ಹೆಸರಿಟ್ಟ ಖಾನೆಗಳ ಕಟ್ಟು. ಅರೇ ಮೇಲೆ ಮ್ಯಾಪ್ (ಪ್ರತಿಯೊಂದನ್ನೂ ಬದಲಾಯಿಸುವುದು), ಫಿಲ್ಟರ್ (ಬೇಕಾದ್ದನ್ನು ಆರಿಸುವುದು) ಎರಡನ್ನೂ ಕಣ್ಣು ಮುಚ್ಚಿ ಬರೆಯುವಷ್ಟು ಮಾಡಿ. ಆಮೇಲೆ ಡಾಮ್. ಡಾಮ್ ಅಂದರೆ ಬ್ರೌಸರ್ ನಿಮ್ಮ ಎಚ್‌ಟಿಎಂಎಲ್ ಓದಿ ಒಳಗೆ ಕಟ್ಟಿಕೊಂಡ ಮರ. ಜಾವಾಸ್ಕ್ರಿಪ್ಟ್ ಆ ಮರವನ್ನು ಮುಟ್ಟಿ ಬದಲಾಯಿಸುತ್ತದೆ. ಕೊನೆಗೆ ಫೆಚ್, ಅಂದರೆ ಬೇರೆ ಕಡೆಯಿಂದ ಮಾಹಿತಿ ತರಿಸುವುದು.

ಈಗ ನಮ್ಮ ಪುಟಕ್ಕೆ ಬನ್ನಿ. ಬೆಳಗ್ಗೆ 40 ಬಾಕ್ಸ್ ಹೋಯಿತು, ಸಂಜೆ 25. ಎರಡು ಖಾನೆ ಮಾಡಿದಿರಿ, ಎರಡನ್ನೂ ಕೂಡಿಸಿ ತೋರಿಸು ಎಂದು ಬರೆದಿರಿ. ಒತ್ತಿದರೆ 65 ಬರಬೇಕು. ಬರುವುದು 4025.

ಹೊಸಬರೆಲ್ಲ ಒಮ್ಮೆ ಇಲ್ಲಿ ನಿಲ್ಲುತ್ತಾರೆ. ಕಾರಣ ಇಷ್ಟೇ: ಖಾನೆಯಿಂದ ಬರುವುದು ಯಾವಾಗಲೂ ಅಕ್ಷರದ ಸಾಲು, ಅಂದರೆ ಸ್ಟ್ರಿಂಗ್. ಎರಡು ಸ್ಟ್ರಿಂಗ್ ನಡುವೆ ಪ್ಲಸ್ ಹಾಕಿದರೆ ಜಾವಾಸ್ಕ್ರಿಪ್ಟ್ ಪಕ್ಕಪಕ್ಕ ಅಂಟಿಸುತ್ತದೆ. ತಮಾಷೆ ಏನೆಂದರೆ ಬಾಕ್ಸನ್ನು ರೇಟಿನಿಂದ ಗುಣಿಸಿದರೆ ಉತ್ತರ ಸರಿ ಬರುತ್ತದೆ, ಯಾಕೆಂದರೆ ಗುಣಿಸುವಾಗ ಅದು ತಾನೇ ಸಂಖ್ಯೆ ಮಾಡಿಕೊಳ್ಳುತ್ತದೆ. ಹೀಗಾಗಿ ಅರ್ಧ ಲೆಕ್ಕ ಸರಿ, ಅರ್ಧ ತಪ್ಪು, ತಲೆ ಕೆಡುತ್ತದೆ. ಖಾನೆಯಿಂದ ತೆಗೆದ ತಕ್ಷಣ ನಂಬರ್ ಎಂಬ ಫಂಕ್ಷನ್‌ಗೆ ಕೊಟ್ಟು ಸಂಖ್ಯೆ ಮಾಡಿಕೊಳ್ಳಿ.

ಅಷ್ಟಕ್ಕೇ ಮುಗಿಯಲಿಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ರೇಟಿನ ಖಾನೆ ಟೆಕ್ಸ್ಟ್ ಥರದ್ದಾಗಿದ್ದು, ಯಾರಾದರೂ ಹಾಗೇ ಕಾಮಾ ಹಾಕಿ 2,000 ಎಂದು ತುಂಬಿದರೆ ನಂಬರ್ ಫಂಕ್ಷನ್ ಎನ್ಎಎನ್ ಕೊಡುತ್ತದೆ. ಇದು ಸಂಖ್ಯೆ ಅಲ್ಲ ಎಂದರ್ಥ. ೨೦೦೦ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಅದೇ. ಖಾಲಿ ಬಿಟ್ಟರೆ ಮಾತ್ರ ಏನೂ ಹೇಳದೆ ಸೊನ್ನೆ ಮಾಡಿಬಿಡುತ್ತದೆ, ಇದು ಇನ್ನೂ ಅಪಾಯ. ಲೆಕ್ಕಕ್ಕೆ ಮೊದಲು ಈ ಮೂರನ್ನೂ ಪರೀಕ್ಷೆ ಮಾಡಿ, ತಪ್ಪಿದ್ದರೆ ಖಾನೆಯ ಕೆಳಗೇ ಕನ್ನಡದಲ್ಲಿ ಹೇಳಿ. ಉತ್ತರವನ್ನು 1,30,000 ಎಂದು ನಮ್ಮ ಲಕ್ಷದ ಲೆಕ್ಕದಲ್ಲಿ ಕಾಮಾ ಹಾಕಿ ತೋರಿಸಲು ಟು-ಲೊಕೇಲ್-ಸ್ಟ್ರಿಂಗ್‌ಗೆ ಇಎನ್-ಐಎನ್ ಎಂದು ಕೊಟ್ಟರೆ ಆಯಿತು.

ಉಳಿದ ಹಳ್ಳಗಳನ್ನು ಬೇಗ ಹೇಳುತ್ತೇನೆ. ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಡಿಫರ್ ಬರೆಯದೆ ತಲೆಭಾಗದಲ್ಲಿಟ್ಟರೆ, ಪುಟ ಪೂರ್ತಿ ಓದುವ ಮೊದಲೇ ಕೋಡ್ ಓಡಿ, ಬಟನ್ ಸಿಗದೆ ನಲ್ ಎಂಬ ತಪ್ಪು ಬರುತ್ತದೆ. ಫಾರ್ಮ್ ಒತ್ತಿದ ಕೂಡಲೇ ಪುಟ ಹೊಸದಾಗಿ ತೆರೆದು ಎಲ್ಲ ಅಳಿಸಿಹೋದರೆ ಅದನ್ನು ತಡೆಯುವ ಪ್ರಿವೆಂಟ್-ಡಿಫಾಲ್ಟ್ ಮರೆತಿದ್ದೀರಿ. ಬಳಸುವವರು ಟೈಪ್ ಮಾಡಿದ್ದನ್ನು ಪುಟಕ್ಕೆ ಹಾಕಲು ಇನ್ನರ್-ಎಚ್‌ಟಿಎಂಎಲ್ ಬಳಸಬೇಡಿ, ಅದರೊಳಗೆ ಯಾರಾದರೂ ಕೆಟ್ಟ ಕೋಡ್ ತೂರಿಸಬಹುದು. ಟೆಕ್ಸ್ಟ್-ಕಂಟೆಂಟ್ ಬಳಸಿ. ಫೆಚ್ ಬಳಸುವಾಗ ಫೈಲನ್ನು ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ತಡೆಯುತ್ತದೆ, ಲೈವ್ ಸರ್ವರ್‌ನಿಂದ ತೆರೆಯಿರಿ. ಆ ಕಡೆಯಿಂದ 404, ಅಂದರೆ ಸಿಗಲಿಲ್ಲ ಎಂಬ ಉತ್ತರ, ಬಂದರೂ ಫೆಚ್ ಅದನ್ನು ತಪ್ಪು ಅನ್ನುವುದಿಲ್ಲ, ರೆಸ್ಪಾನ್ಸ್ ಸರಿ ಇದೆಯಾ ಎಂದು ನೀವೇ ನೋಡಬೇಕು.

ಹೆಸರಿನ ಉದ್ದ ಅಳೆಯುವವರಿಗೆ ಒಂದು ಮಾತು. "ಕೋಲಾರ" ನಮ್ಮ ಕಣ್ಣಿಗೆ ಮೂರಕ್ಷರ. ಜಾವಾಸ್ಕ್ರಿಪ್ಟ್ ಲೆಂಗ್ತ್ ಕೇಳಿದರೆ 5 ಎನ್ನುತ್ತದೆ, ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸುತ್ತದೆ. "ಚಿಕ್ಕಬಳ್ಳಾಪುರ" ಆರಕ್ಷರ, ಅದಕ್ಕೆ 13. ಹೆಸರಿಗೆ ಹತ್ತಕ್ಷರ ಸಾಕು ಎಂದು ಮಿತಿ ಹಾಕಿದರೆ ನಮ್ಮ ಊರೇ ಹಿಡಿಸುವುದಿಲ್ಲ.

5. ಒಂದೇ ಪಟ್ಟಿಯಿಂದ ಪುಟ ಬರೆಯುವುದು: ಎರಡು ವಾರ

ಇದು ಇಡೀ ಲೇಖನದಲ್ಲಿ ನಾನು ಜಾಸ್ತಿ ಒತ್ತಿ ಹೇಳುವ ಹಂತ. ಈಗ ಪುಟದಲ್ಲಿ ದಿನದಿನದ ಮಾರಾಟ ಸೇರಿಸುವ, ಅಳಿಸುವ ಸೌಲಭ್ಯ ಮಾಡಿ. ಮೇಲೆ ಒಟ್ಟು ಮೊತ್ತ ಕಾಣಬೇಕು, ಕೆಳಗೆ ಟೇಬಲ್, ಪಕ್ಕದಲ್ಲಿ ಒಟ್ಟು ಎಷ್ಟು ಬಾಕ್ಸ್ ಎಂಬ ಲೆಕ್ಕ.

ಮೊದಲ ಸಲ ನೀವು ಟೇಬಲ್‌ನ ಸಾಲನ್ನು ನೇರ ಅಳಿಸುತ್ತೀರಿ. ಸಾಲು ಹೋಗುತ್ತದೆ, ಮೇಲಿನ ಮೊತ್ತ ಹಾಗೇ ನಿಂತಿರುತ್ತದೆ. ಅದನ್ನು ಸರಿ ಮಾಡುತ್ತೀರಿ, ಬಾಕ್ಸ್ ಲೆಕ್ಕ ತಪ್ಪಿರುತ್ತದೆ. ಒಂದು ಬದಲಾದಾಗ ಮೂರು ಕಡೆ ಕೈಯಾರೆ ಬದಲಾಯಿಸುವುದು ಎಷ್ಟು ಕಷ್ಟ ಎಂದು ಒಂದು ದಿನ ಪೂರ್ತಿ ಅನುಭವಿಸಿ.

ಆಮೇಲೆ ಎಲ್ಲ ಕಿತ್ತು ಹೀಗೆ ಬರೆಯಿರಿ. ಮಾರಾಟಗಳೆಲ್ಲ ಒಂದು ಅರೇಯಲ್ಲಿ ಇರಲಿ. ಆ ಅರೇ ನೋಡಿ ಪುಟವನ್ನು ಪೂರ್ತಿ ಹೊಸದಾಗಿ ಬರೆಯುವ ಒಂದೇ ಫಂಕ್ಷನ್ ಇರಲಿ. ಸೇರಿಸುವುದು, ಅಳಿಸುವುದು ಅರೇಯನ್ನು ಮಾತ್ರ ಬದಲಾಯಿಸಲಿ, ಬದಲಾಯಿಸಿದ ಮೇಲೆ ಆ ಫಂಕ್ಷನ್ ಕರೆಯಲಿ. ಪುಟ ಮುಚ್ಚಿ ತೆರೆದರೂ ಲೆಕ್ಕ ಉಳಿಯಲು ಅರೇಯನ್ನು ಬ್ರೌಸರ್‌ನೊಳಗಿನ ಲೋಕಲ್ ಸ್ಟೋರೇಜ್‌ನಲ್ಲಿ ಇಡಿ. ಅದು ಅಕ್ಷರ ಮಾತ್ರ ಇಟ್ಟುಕೊಳ್ಳುವುದರಿಂದ ಇಡುವಾಗ ಜೇಸನ್ ಎಂಬ ಅಕ್ಷರ ರೂಪಕ್ಕೆ ಮಾಡಿ, ತೆಗೆಯುವಾಗ ವಾಪಸ್ ಮಾಡಿ.

2013ರಲ್ಲಿ ಫೇಸ್‌ಬುಕ್ ಎಲ್ಲರಿಗೂ ಬಿಟ್ಟುಕೊಟ್ಟ ರಿಯಾಕ್ಟ್‌ನ ತಿರುಳೂ ಇದೇ. ಮಾಹಿತಿ ಒಂದು ಕಡೆ ಇರಲಿ, ಪುಟ ಅದರಿಂದ ಹುಟ್ಟಲಿ. ಅದು ಬದಲಾದ ಭಾಗವನ್ನಷ್ಟೇ ಹುಡುಕಿ ತಿದ್ದುತ್ತದೆ, ನಿಮ್ಮದು ಪೂರ್ತಿ ಪುಟ ಬರೆಯುತ್ತದೆ. ಆ ಮಾಹಿತಿಗೆ ರಿಯಾಕ್ಟ್‌ನಲ್ಲಿ ಸ್ಟೇಟ್ ಎನ್ನುತ್ತಾರೆ. ಈ ಹಂತ ಮಾಡಿದವರಿಗೆ ಸ್ಟೇಟ್ ಪಾಠ ಒಂದು ಸಂಜೆಯ ಕೆಲಸ. ಮಾಡದವರು ಅದನ್ನು ಬಾಯಿಪಾಠ ಮಾಡುತ್ತಾರೆ.

6. ಗಿಟ್, ಮತ್ತು ಪುಟವನ್ನು ಆನ್‌ಲೈನ್ ಹಾಕುವುದು

ಗಿಟ್ ಅಂದರೆ ಕೋಡ್‌ನ ಪ್ರತಿ ಬದಲಾವಣೆಯನ್ನು ನೆನಪಿಟ್ಟುಕೊಳ್ಳುವ ಸಾಧನ. ಮೊದಲ ವಾರದಿಂದಲೇ ಶುರು ಮಾಡಿ. ಆಡ್ (ಬದಲಾವಣೆ ಆರಿಸುವುದು), ಕಮಿಟ್ (ಅದನ್ನು ದಾಖಲಿಸುವುದು), ಪುಶ್ (ಆನ್‌ಲೈನ್‌ಗೆ ಕಳಿಸುವುದು) ಈ ಮೂರು ಸದ್ಯಕ್ಕೆ ಸಾಕು. ಕೋಡ್ ಇಡುವ ಗಿಟ್‌ಹಬ್ ಸೈಟಿನ ಪೇಜಸ್ ಸೌಲಭ್ಯದಲ್ಲಿ ಪುಟವನ್ನು ಉಚಿತವಾಗಿ ಹಾಕಬಹುದು, ಮೊದಲ ಪುಟದ ಫೈಲಿಗೆ ಇಂಡೆಕ್ಸ್ ಎಂದೇ ಹೆಸರಿರಲಿ. ಪಾಸ್‌ವರ್ಡ್, ಮನೆಯವರ ಫೋನ್ ನಂಬರ್ ಇರುವ ಫೈಲ್ ಯಾವತ್ತೂ ಅಲ್ಲಿಗೆ ಹೋಗಬಾರದು. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದಿರುತ್ತದೆ.

ಎಐ ಬಗ್ಗೆಯೂ ಕೇಳುತ್ತೀರಿ. ಚಾಟ್‌ಜಿಪಿಟಿ ಥರದವುಗಳಿಂದ ವಿವರಣೆ ಕೇಳಿ, ಕೋಡ್ ಬರೆಸಬೇಡಿ, ಈ ಐದು ತಿಂಗಳಾದರೂ. "4025 ಯಾಕೆ ಬಂತು?" ಎಂದು ಕೇಳಿದರೆ ನೀವು ಕಲಿಯುತ್ತೀರಿ. "ಸರಿ ಮಾಡಿ ಕೊಡು" ಎಂದರೆ ಪುಟ ಸರಿಯಾಗುತ್ತದೆ, ನಿಮಗೇನೂ ಬರುವುದಿಲ್ಲ, ಅಲ್ವಾ?

7. ರಿಯಾಕ್ಟ್‌ಗೆ ಯಾವಾಗ ಹೋಗೋದು

ಖಾಲಿ ಫೋಲ್ಡರ್ ತೆರೆದು, ಯಾವ ವಿಡಿಯೋ ನೋಡದೆ, ಮಂಡಿ ಲೆಕ್ಕದ ಪುಟವನ್ನು ಒಂದು ಭಾನುವಾರದೊಳಗೆ ಮತ್ತೆ ಮೊದಲಿಂದ ಬರೆಯಲು ಪ್ರಯತ್ನಿಸಿ. ಎಂಡಿಎನ್ ನೋಡಿದರೆ ತಪ್ಪಿಲ್ಲ, ಕೆಲಸದಲ್ಲಿರುವ ನಾವೂ ದಿನಾ ನೋಡುತ್ತೇವೆ. ಪುಟ 360 ಪಿಕ್ಸೆಲ್‌ನಲ್ಲಿ ಸರಿ ನಿಂತು, ಟ್ಯಾಬ್ ಕೀಯಲ್ಲೇ ಓಡಾಡಲು ಬಂದು, ತಪ್ಪು ಅಂಕಿಗೆ ಸರಿಯಾಗಿ ಬೈದು, ಮುಚ್ಚಿ ತೆರೆದರೂ ಲೆಕ್ಕ ಉಳಿದರೆ ನೀವು ತಯಾರು.

ರಿಯಾಕ್ಟ್ ಶುರು ಮಾಡುವಾಗ ಹೊಸ ಪ್ರಾಜೆಕ್ಟ್ ಕಟ್ಟಿಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಸಾಧನ ಬಳಸುವ ಹಳೆಯ ವಿಡಿಯೋ ಹಿಡಿಯಬೇಡಿ. ಅದನ್ನು ಹೊಸ ಪ್ರಾಜೆಕ್ಟಿಗೆ ಬಳಸಬೇಡಿ ಎಂದು ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಹೇಳಿದೆ. ಅದೇ ಕೆಲಸ ಮಾಡುವ ವೀಟ್ ಬಳಸಿ. ಮೊದಲ ಪ್ರಾಜೆಕ್ಟಾಗಿ ಹೊಸದೇನೂ ಹುಡುಕಬೇಡಿ, ಇದೇ ಮಂಡಿ ಪುಟವನ್ನು ರಿಯಾಕ್ಟ್‌ನಲ್ಲಿ ಬರೆಯಿರಿ. ಹಳೆಯ ಕೋಡನ್ನು ಎಡಗಡೆ ತೆರೆದಿಟ್ಟು, ಹೊಸದನ್ನು ಬಲಗಡೆ ಬರೆಯುತ್ತಾ, ನಿಮ್ಮ ಯಾವ ಫಂಕ್ಷನ್‌ನ ಕೆಲಸವನ್ನು ರಿಯಾಕ್ಟ್ ವಹಿಸಿಕೊಂಡಿತು ಎಂದು ಪ್ರತಿ ಸಾಲಿಗೂ ಗುರುತು ಹಾಕಿಕೊಳ್ಳಿ.